ನುಂಗಿದ ಚುಕ್ಕೆ

ಚಿಕ್ಕೋಡಿ ಬಸ್ ನಿಲ್ದಾಣದಲ್ಲಿ ಕಾಗವಾಡದ ಕಡೆ ಹೋಗುವ ಎರಡು ಬಸ್ಸುಗಳನ್ನು ಬ್ರಾಹ್ಮಿ ಬೇಕೆಂದೇ ಬಿಟ್ಟಳು. ಮೊದಲನೆಯದು ತುಂಬಿತ್ತು ಎಂದು ತನಗೆ ತಾನೇ ಹೇಳಿಕೊಂಡಳು. ಎರಡನೆಯದರಲ್ಲಿ ಅರ್ಧಕ್ಕರ್ಧ ಸೀಟು ಖಾಲಿಯಿದ್ದದ್ದು ಕಿಟಕಿಯಿಂದಲೇ ಕಾಣುತ್ತಿತ್ತು, ಅದಕ್ಕೆ ಹೇಳಿಕೊಳ್ಳಲು ಏನೂ ಸಿಗಲಿಲ್ಲ. ಮೂರನೆಯದು ಬಂದಾಗ ಹಿಂದಿನಿಂದ ಯಾರೋ ತಳ್ಳಿದರು, ಹತ್ತಿಬಿಟ್ಟಳು. ಭಾನುವಾರವಾದ್ದರಿಂದ ಮಂಗಸೂಳಿಯ ಮಲ್ಲಯ್ಯನಿಗೆ ಹೊರಟವರು ಬಸ್ಸಿನಲ್ಲಿ ಬಹಳ ಜನ ಇದ್ದರು. ಪಕ್ಕದ ಮುದುಕಿಯ ಹಣೆಯ ಮೇಲಿನ ಭಂಡಾರದ ಅರಿಶಿನ ಬೆವರಿಗೆ ಇಳಿದು ಹುಬ್ಬಿನಲ್ಲಿ ಕೂತಿತ್ತು. ಕಂಡಕ್ಟರ್ ಬಂದು ಎಲ್ಲಿಗೆ ಎಂದು ಕೇಳಿದ. ಬ್ರಾಹ್ಮಿ ತುಟಿ ಅಲ್ಲಾಡಿಸಿದಳು. "ದನಿ ತಗದ ಹೇಳ್ರೀ ಬಾಯಾರ, ನನಗೇನ ಕನಸ ಬೀಳತೈತಿ?" ಎಂದ. ಹಿಂದಿನ ಸೀಟಿನವರು ನಕ್ಕರು. "ಮಂಗಸೂಳಿ" ಎಂದಳು. ಆ ಊರಿನ ಹೆಸರು ಬಾಯಿಂದ ಹೊರಬಿದ್ದ ಮೇಲೆ ಇನ್ನು ನಡುವೆ ಎಲ್ಲೂ ಇಳಿಯುವಂತಿಲ್ಲ ಅನ್ನಿಸಿತು. ಯಾರು ತಡೆಯುತ್ತಿದ್ದರು? ಯಾರೂ ಇಲ್ಲ. ಅಂಕಲಿಯಲ್ಲಿ ಇಳಿದು ವಾಪಸ್ಸು ಬಸ್ಸು ಹಿಡಿದರೆ ಮೂರು ಗಂಟೆಯೊಳಗೆ ನಿಪ್ಪಾಣಿಯ ಮನೆಯಲ್ಲಿರಬಹುದು. ಅವ್ವ ಜಿನಮತಿ ಹಿತ್ತಾಳೆ ಕೊಡದ ಬಾಯಿಗೆ ಬಿಳಿ ಅರಿವೆ ಕಟ್ಟಿ ನೀರು ಸೋಸುತ್ತ, ಕಣ್ಣಿಗೆ ಕಾಣದ ಜೀವವೊಂದು ಸತ್ತೀತೆಂದು ಅರಿವೆಯನ್ನು ಮೆಲ್ಲಗೆ ಹೊರಳಿಸುತ್ತ, "ಯಾಕವಾ, ಲಗೂನ ಬಂದಿ?" ಎಂದು ಕೇಳಿಯಾಳು, ಅಷ್ಟೆ.

ತಂಬಾಕಿನ ವ್ಯಾಪಾರಿ ದಾದಾಸಾಹೇಬರ ಒಬ್ಬಳೇ ಮಗಳು ಅವಳು. ವಯಸ್ಸು ಮೂವತ್ತೊಂದು. ಮೊದಲ ತೀರ್ಥಂಕರ ಆದಿನಾಥ ಸ್ವಾಮಿ ತಮ್ಮ ಇಬ್ಬರು ಹೆಣ್ಣುಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಬ್ರಾಹ್ಮಿಗೆ ಅಕ್ಷರವನ್ನೂ ಸುಂದರಿಗೆ ಅಂಕಿಯನ್ನೂ ಕಲಿಸಿದರಂತೆ. ಅಕ್ಷರ ಕಲಿತವಳ ಹೆಸರಿರಲಿ ಎಂದು ಅಜ್ಜ ಇಟ್ಟ ಹೆಸರು. ಚಿಕ್ಕೋಡಿಯ ಒಂದು ಕಾಲೇಜಿನಲ್ಲಿ ಆರು ವರ್ಷದಿಂದ ಕಂಪ್ಯೂಟರ್ ವಿಷಯಕ್ಕೆ ಅತಿಥಿ ಉಪನ್ಯಾಸಕಿ. ಆರು ವರ್ಷ ಅತಿಥಿಯಾಗಿಯೇ ಉಳಿದವರನ್ನು ಮನೆಯವರು ಹೇಗೆ ನೋಡುತ್ತಾರೋ ಹಾಗೆಯೇ ಕಾಲೇಜು ಅವಳನ್ನು ನೋಡುತ್ತಿತ್ತು. "ಬ್ರಾಹ್ಮಿ ಮೇಡಂ, ಹೆಂಗೂ ಖಾಲಿ ಅದೀರಿ" ಎಂದು ವಿಭಾಗದ ಮುಖ್ಯಸ್ಥ ಉತ್ತರಪತ್ರಿಕೆಯ ಕಟ್ಟು ಎದುರಿಗಿಟ್ಟು ಪಿನ್ನು ಹೊಡೆಯಲು ಹೇಳುತ್ತಿದ್ದ. ಅವಳು ಹೊಡೆಯುತ್ತಿದ್ದಳು. ಹೊಡೆಯುವಾಗ ಒಳಗೊಂದು ಗುಟ್ಟಿನ ನಗೆ ಇರುತ್ತಿತ್ತು. ಯಾಕೆಂದರೆ ಈ ಸ್ಟಾಫ್ ರೂಮಿಗೆ ಗೊತ್ತಿಲ್ಲದ ಇನ್ನೊಂದು ಜಾಗದಲ್ಲಿ ಅವಳ ಮಾತಿಗೆ ತೂಕವಿತ್ತು. 'ಓದುದನಿ' ಎಂಬುದು ಕಣ್ಣಿಲ್ಲದವರಿಗೆ ಫೋನಿನ ಪರದೆಯ ಮೇಲಿನದನ್ನೆಲ್ಲ ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶ. ಅದಕ್ಕೆ ಒಡೆಯರಿಲ್ಲ, ಸಂಬಳವಿಲ್ಲ. ಅದನ್ನು ನಡೆಸುವ ಆದೇಶಗಳ ಸಾಲುಗಳನ್ನು, ಅಂದರೆ ಕೋಡನ್ನು, ಲೋಕದ ಎದುರು ತೆರೆದಿಟ್ಟಿದ್ದರು. ಯಾರು ಬೇಕಾದರೂ ಓದಬಹುದು, ತಿದ್ದಿ ಕಳಿಸಬಹುದು, ಮೇಲ್ವಿಚಾರಣೆಯ ಹಿರಿಯರು ಒಪ್ಪಿದರೆ ತಿದ್ದಿದ್ದು ಸೇರಿಕೊಳ್ಳುತ್ತದೆ. ತಿದ್ದಿದವರ ಹೆಸರು ಆ ಸಾಲುಗಳ ಪಕ್ಕದಲ್ಲಿ ಶಾಶ್ವತವಾಗಿ ಉಳಿಯುತ್ತದೆ. ಅದರ ಕನ್ನಡದ ಭಾಗ ಹೆಚ್ಚುಕಡಿಮೆ ಬ್ರಾಹ್ಮಿ ಒಬ್ಬಳೇ ಬರೆದದ್ದು. ಒತ್ತಕ್ಷರ ಹೇಗೆ ಉಚ್ಚರಿಸಬೇಕು, 'ಡಾ.' ಬಂದರೆ ಡಾಕ್ಟರ್ ಎನ್ನಬೇಕು, ಫೋನು ಬಂದರೆ ಯಾರು ಕರೆಯುತ್ತಿದ್ದಾರೆಂದು ಹೇಗೆ ಕೂಗಿ ಹೇಳಬೇಕು, ಎಲ್ಲ ಅವಳದೇ. ಮೇಲ್ವಿಚಾರಣೆಯ ಹಿರಿಯ ಯುರೋಪಿನ ಯಾವುದೋ ಸಣ್ಣ ಊರಿನವನು, ರೇಡಿಯೋ ಎಂಜಿನಿಯರಾಗಿ ನಿವೃತ್ತನಾದವನು. ಕನ್ನಡದ ಒಂದಕ್ಷರವೂ ಬಾರದ ಅವನು ಅವಳು ಕಳಿಸಿದ್ದಕ್ಕೆಲ್ಲ ಬರೆಯುತ್ತಿದ್ದದ್ದು ಒಂದೇ ಸಾಲು: ನಿಮ್ಮ ಭಾಷೆ ನಿಮಗೆ ಗೊತ್ತು, ನಾನು ನಿಮ್ಮನ್ನು ನಂಬುತ್ತೇನೆ.

ಆ ನಂಬಿಕೆ ಎಷ್ಟು ರುಚಿಯಾಗಿತ್ತು! ಈಗ ಕಿಟಕಿಯ ಸರಳಿಗೆ ಹಣೆ ಆನಿಸಿಕೊಂಡು, ಎರಡೂ ಬದಿಯ ಕಬ್ಬು ಹಿಂದಕ್ಕೆ ಓಡುವುದನ್ನು ನೋಡುವಾಗಲೂ ಆ ರುಚಿ ನಾಲಗೆಯ ತುದಿಗೆ ಬಂತು, ಬಂದದ್ದಕ್ಕೆ ಹೇಸಿಗೆಯಾಯಿತು. ಜುಲೈ ತಿಂಗಳ ಒಂದು ಮಧ್ಯಾಹ್ನ ಅದು. ರಾಯಬಾಗದ ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳುವ ವಿಕ್ರಾಂತ ಮಾಸ್ತರು, ಅವರಿಗೂ ಕಣ್ಣಿಲ್ಲ, ಬಳಕೆದಾರರ ಗುಂಪಿನಲ್ಲಿ ಒಂದು ದೂರು ಹಾಕಿದ್ದರು. ಹಳೆಯ ಪುಸ್ತಕಗಳನ್ನು ಸ್ಕ್ಯಾನ್ ಮಾಡಿದರೆ ಅಂಕಿಗಳ ನಡುವಿನ ಅಲ್ಪವಿರಾಮ ಚುಕ್ಕೆಯಾಗಿ ಬರುತ್ತದೆ, ಊರಿನ ಜನಸಂಖ್ಯೆಯನ್ನು ಯಂತ್ರ 'ಒಂದು ಪಾಯಿಂಟ್ ಇಪ್ಪತ್ತೈದು ಪಾಯಿಂಟ್ ಸೊನ್ನೆ ಸೊನ್ನೆ ಸೊನ್ನೆ' ಎಂದು ಓದುತ್ತದೆ. "ಹುಡುಗೂರು ಹೊಟ್ಟಿ ಹಿಡಕೊಂಡು ನಗತಾವ್ರಿ ಅಕ್ಕಾರ, ಏನರ ಮಾಡ್ರಿ." ಅಂದೇ ಬೆಳಿಗ್ಗೆ ಮುಖ್ಯಸ್ಥ ಅವಳನ್ನು ಹೊಸದಾಗಿ ಬಂದ ಪ್ರಾಧ್ಯಾಪಕರೊಬ್ಬರಿಗೆ "ಇವರು ನಮ್ಮ ಹೆಲ್ಪರ್ ಇದ್ದಂಗ" ಎಂದು ಪರಿಚಯ ಮಾಡಿಸಿದ್ದ. ಬ್ರಾಹ್ಮಿ ಮೂಲೆಯ ಮೇಜಿಗೆ ಹೋಗಿ ಕೂತು ಹನ್ನೊಂದು ಸಾಲು ಬರೆದಳು. ಕನ್ನಡ ವಾಕ್ಯದಲ್ಲಿ ಅಂಕಿಗಳ ನಡುವೆ ಚುಕ್ಕೆ ಬಂದರೆ ಅದನ್ನು ನುಂಗಿಬಿಡಬೇಕು, ಅಂಕಿಯನ್ನು ಕೂಡಿಸಿ ಓದಬೇಕು. ಯಾವುದೇ ತಿದ್ದುಪಡಿ ಸೇರುವ ಮೊದಲು ಹಳೆಯ ಓದು ಕೆಟ್ಟಿಲ್ಲವೆಂದು ನೋಡಲು ಇನ್ನೂರು ಹನ್ನೆರಡು ಪರೀಕ್ಷೆಗಳಿದ್ದವು. ಇನ್ನೂರು ಹನ್ನೊಂದು ಪಾಸಾದವು. ಒಂದು ಕೆಂಪಾಗಿ ನಿಂತಿತು. 'ಒಂದೂವರೆ ಲೀಟರ್ ಹಾಲು' ಎಂಬುದನ್ನು ಅಂಕಿಯಲ್ಲಿ ಬರೆದ ವಾಕ್ಯ, ಎರಡು ವರ್ಷದ ಹಿಂದೆ ಅವಳೇ ಬರೆದ ಪರೀಕ್ಷೆ. ಅವಳು ಅದನ್ನು ನೋಡಿದಳು. ನೋಡಲಿಲ್ಲ ಎನ್ನುವಂತಿಲ್ಲ. ಮರುದಿನ ಹೊಸ ಆವೃತ್ತಿ ಹೊರಡಲಿತ್ತು, ಅದರಲ್ಲಿ ತನ್ನ ಹೆಸರಿರಬೇಕಿತ್ತು, ಇವತ್ತೇ, ಈ ಮಧ್ಯಾಹ್ನವೇ, ಹೆಲ್ಪರ್ ಎಂದವನಿಗೆ ಅದು ಎಂದೂ ಗೊತ್ತಾಗದಿದ್ದರೂ. ಆ ಪರೀಕ್ಷೆಯ ತಲೆಯ ಮೇಲೆ 'ಸದ್ಯಕ್ಕೆ ಬಿಟ್ಟುಬಿಡು, ಆಮೇಲೆ ನೋಡಬೇಕು' ಎಂದು ಒಂದು ಗುರುತು ಹಾಕಿದಳು. ಎಲ್ಲ ಹಸಿರಾಯಿತು. ಹಿರಿಯ ಬರೆದ: ನಾನು ನಿಮ್ಮನ್ನು ನಂಬುತ್ತೇನೆ.

ಬಸ್ಸು ಅಂಕಲಿ ದಾಟಿ ಸೇತುವೆಗೆ ಬಂತು. ಕೆಳಗೆ ಕೃಷ್ಣೆ ಮಳೆಗಾಲದ ಕೆಂಪು ಕಳೆದುಕೊಂಡು ಹಸಿರಿಗೆ ತಿರುಗಿದ್ದಳು. ಪಕ್ಕದ ಮುದುಕಿ ನದಿಗೆ ಕೈ ಮುಗಿದು, ಬ್ರಾಹ್ಮಿಯ ಕೈಯನ್ನೂ ಎತ್ತಿ ಮುಗಿಸಿದಳು. ಕಿವಿಯಲ್ಲಿ ಇಯರ್‌ಫೋನ್ ಇತ್ತು. ಅದರಲ್ಲಿ ದಾನೇಶ್ವರಿಯ ದನಿ. ಈ ಎರಡೂವರೆ ತಿಂಗಳಲ್ಲಿ ಆ ಸಂದೇಶಗಳನ್ನು ಎಷ್ಟು ಸಲ ಕೇಳಿದ್ದಳೋ. ದಾನೇಶ್ವರಿಗೆ ಇಪ್ಪತ್ತಾರು. ಹುಟ್ಟಿನಿಂದಲೇ ಕಣ್ಣಿಲ್ಲ. ತೆಲಸಂಗದ ಹುಡುಗಿ, ಮಂಗಸೂಳಿಯ ದ್ರಾಕ್ಷಿ ತೋಟದ ಮನೆಗೆ ಕೊಟ್ಟದ್ದು. ಗಂಡ ಸಂಗ್ರಾಮ ತಾನೇ ಮೆಚ್ಚಿ, ಹಟ ಹಿಡಿದು ಮದುವೆಯಾದವನು. ಓದುದನಿಯ ಪ್ರತಿ ಹೊಸ ಆವೃತ್ತಿಯನ್ನೂ ಮೊದಲು ತನ್ನ ಫೋನಿಗೆ ಹಾಕಿಕೊಂಡು ತಪ್ಪು ಹುಡುಕಿ ಕೊಡುವವರಲ್ಲಿ ಅವಳಷ್ಟು ಚುರುಕು ಕಿವಿಯವರು ಬೇರೆ ಇರಲಿಲ್ಲ. "ಅಕ್ಕಾರ, 'ಹೊಳಿ' ಅನ್ನುವಾಗ ನಿಮ್ಮ ಮಶೀನಿಗೆ ನಾಲಿಗಿ ಹೊರಳಂಗಿಲ್ಲ ನೋಡ್ರಿ" ಎಂದು ನಗುತ್ತ ಹೇಳುವವಳು. ಮುಖ ನೋಡದೆಯೇ ಮೂರು ವರ್ಷದ ಸ್ನೇಹ.

ಆಗಸ್ಟಿನಲ್ಲಿ ಬಂದ ಸಂದೇಶದಲ್ಲಿ ಆ ನಗು ಇರಲಿಲ್ಲ. ಒಂದೂವರೆ ವರ್ಷದ ಮಗಳು ಕೋಮಲಳಿಗೆ ವಾಂತಿ ಹತ್ತಿತ್ತು. ಸಂಗ್ರಾಮ ತೋಟಕ್ಕೆ ಔಷಧಿ ತರಲು ಸಾಂಗಲಿಗೆ ಹೋಗಿದ್ದ, ಅತ್ತೆ ಮಾವ ಯಡೂರಿಗೆ ವೀರಭದ್ರನ ಹರಕೆ ತೀರಿಸಲು ಹೋಗಿದ್ದರು. ಡಾಕ್ಟರು ಬರೆದ ಔಷಧಿಯ ಬಾಟಲಿ ಮನೆಗೆ ಬಂದಿತ್ತು, ಎಷ್ಟು ಕುಡಿಸಬೇಕೆಂಬುದು ಮೆಸೇಜಿನಲ್ಲಿ ಬಂದಿತ್ತು. "ಹದಿನೈದು ಮಿಲಿ ಅಂತು ಅಕ್ಕಾರ ಫೋನು. ಮೂರ ಸಲ ಹಚ್ಚಿ ಕೇಳೀನಿ. ಹದಿನೈದ ಅಂತು. ಐದರ ಮುಚ್ಚಳಾ ಮೂರ ಮುಚ್ಚಳಾ ಕುಡಸಿದೆ. ಅರ್ಧಾ ತಾಸಿನ್ಯಾಗ ಕೂಸು ಕೈಯಾಗ ಅರಿವಿ ಆದಂಗ ಆತು. ಮಿರಜದಾಗ ಐಸಿಯು ಒಳಗೈತ್ರಿ. ಡಾಕ್ಟರು ಒಂದೂವರಿ ಬರದಾರಂತ. ಮಶೀನ ಹಂಗ ಓದಾಕ ಶಕ್ಯ ಐತೇನ್ರಿ? ನೀವೊಮ್ಮೆ ನೋಡ್ರಿ."

ಸ್ಟಾಫ್ ರೂಮಿನಲ್ಲಿ, ಸುತ್ತ ಚಹಾದ ಕಪ್ಪುಗಳ ಸದ್ದಿನ ನಡುವೆ, ಬ್ರಾಹ್ಮಿ ಡಾಕ್ಟರು ಬರೆದ ಆ ಒಂದೂವರೆಯನ್ನು ಅಂಕಿಯಲ್ಲಿ, ನಡುವೆ ಚುಕ್ಕೆಯಿಟ್ಟು ಟೈಪು ಮಾಡಿ ತನ್ನ ಫೋನಿನಿಂದ ಓದಿಸಿದ್ದಳು. ತಾನೇ ತಿಂಗಳುಗಟ್ಟಲೆ ಕೂತು ತಿದ್ದಿದ ಆ ಸ್ಪಷ್ಟವಾದ, ಒಂದಿಷ್ಟೂ ಅನುಮಾನವಿಲ್ಲದ ದನಿ ಹೇಳಿತು: ಹದಿನೈದು ಮಿಲಿ. ಆಗ ಅವಳ ಮೊದಲ ಯೋಚನೆ ಕೂಸಿನದಾಗಿರಲಿಲ್ಲ. ಇದನ್ನು ಎಷ್ಟು ಸಲ ತೊಳೆದರೂ ಹೋಗುವುದಿಲ್ಲ. ಮೊದಲ ಯೋಚನೆ, ಆ ಸಾಲುಗಳ ಪಕ್ಕದಲ್ಲಿ ತನ್ನ ಹೆಸರಿದೆ ಎಂಬುದು. ಹತ್ತು ನಿಮಿಷದಲ್ಲಿ ಸರಿಪಡಿಸಿದಳು, ಬಿಟ್ಟಿದ್ದ ಪರೀಕ್ಷೆಯ ತಲೆಯ ಮೇಲಿನ ಗುರುತನ್ನು ತೆಗೆದಳು, ಏನು ಮಾಡಿದೆಯೆಂದು ಬರೆಯಬೇಕಾದಲ್ಲಿ 'ಅಂಕಿ ಓದುವ ನಿಯಮದ ಸರಳೀಕರಣ' ಎಂದು ಬರೆದಳು. ಹಿರಿಯ ಒಪ್ಪಿದ. ಎರಡನೇ ದಿನಕ್ಕೆ ಹೊಸ ಆವೃತ್ತಿ ಎಲ್ಲರ ಫೋನಿಗೂ ತಾನೇ ತಾನಾಗಿ ಹೋಯಿತು, ಮಂಗಸೂಳಿಯ ಆ ಫೋನಿಗೂ. ಅದು ಹೋದ ಮೇಲೆ ದಾನೇಶ್ವರಿಗೆ ಉತ್ತರ ಕೊಟ್ಟಳು: "ನೋಡಿದೆ ತಂಗಿ, ನನ್ನ ಫೋನಿನ್ಯಾಗ ಒಂದು ಪಾಯಿಂಟ್ ಐದು ಅಂತನ ಓದತೈತಿ." ಸುಳ್ಳಾಗಿರಲಿಲ್ಲ. ಆ ಕ್ಷಣಕ್ಕೆ ಅದು ಹಾಗೆಯೇ ಓದುತ್ತಿತ್ತು.

ನಾಲ್ಕು ದಿನದ ಮೇಲೆ ಬಂದ ದನಿ ನೆಲಕ್ಕೆ ಹತ್ತಿದ ಹಾಗಿತ್ತು. "ದವಾಖಾನಿ ಹೊರಗ ಎಲ್ಲಾರ ಮುಂದ ಮಾವಾರು ಆ ಮೆಸೇಜ ಹಚ್ಚಿಸಿದ್ರು ಅಕ್ಕಾರ. ಒಂದು ಪಾಯಿಂಟ್ ಐದು ಅಂತು. ಮತ್ತೊಮ್ಮೆ ಹಚ್ಚಂದ್ರು. ಮತ್ತ ಹಂಗ ಅಂತು. ನಾ ಏನ ಹೇಳಲಿ? ನನ್ನ ಕಿವೀನ ಸುಳ್ಳ ಹೇಳಿದ್ವು."

ಅಂದರೆ ಅವಳ ಹತ್ತಿರ ಇದ್ದ ಒಂದೇ ಒಂದು ಸಾಕ್ಷಿಯನ್ನು ಬ್ರಾಹ್ಮಿಯ ತಿದ್ದುಪಡಿಯೇ ಅಳಿಸಿ ಹಾಕಿತ್ತು. ಇದು ಗೊತ್ತಾದ ಮೇಲೂ ಅವಳು ಸುಮ್ಮನಿದ್ದಳು. ಕೂಸು ಒಂಬತ್ತು ದಿನಕ್ಕೆ ಐಸಿಯುವಿನಿಂದ ಹೊರಬಂತು ಎಂದು ಕೇಳಿ ದೀರ್ಘವಾಗಿ ಉಸಿರು ಬಿಟ್ಟಳು, ಬಿಟ್ಟ ಉಸಿರಿಗೆ ನಾಚಿಕೊಂಡಳು, ಮತ್ತೆ ಸುಮ್ಮನಿದ್ದಳು. ಸೆಪ್ಟೆಂಬರಿನಲ್ಲಿ ಪರ್ಯೂಷಣದ ವ್ರತ ಮುಗಿದು, ಒಬ್ಬರಿಗೊಬ್ಬರು ಕ್ಷಮೆ ಕೇಳುವ ಕ್ಷಮಾವಣಿಯ ದಿನ ಬಂತು. ಮನೆಯಲ್ಲಿ ಎಲ್ಲರೂ ಎಲ್ಲರಿಗೂ ಕೈ ಮುಗಿದರು. ತಿಳಿದೋ ತಿಳಿಯದೆಯೋ ನನ್ನಿಂದ ನೋವಾಗಿದ್ದರೆ ಕ್ಷಮಿಸಿ ಎಂಬ, ಹೂವಿನ ಚಿತ್ರವಿದ್ದ ಸಂದೇಶವನ್ನು ಬ್ರಾಹ್ಮಿ ಪ್ರತಿ ವರ್ಷದಂತೆ ಎಲ್ಲ ಗುಂಪುಗಳಿಗೂ ಕಳಿಸಿದಳು. ಬೆರಳು ಅಭ್ಯಾಸಬಲದಿಂದ ಒತ್ತಿತು. ಐದು ನಿಮಿಷದಲ್ಲಿ ದಾನೇಶ್ವರಿಯ ಉತ್ತರ ಬಂತು: "ನಿಮ್ಮಿಂದ ನನಗೇನ ನೋವ ಆಗೂದೈತ್ರಿ ಅಕ್ಕಾರ. ನಿಮ್ಮ ದನೀ ಕೇಳೇ ನನಗ ಬೆಳಕ ಹರಿತೈತಿ." ಅಂದು ಅವಳು ಊಟದ ತಟ್ಟೆಯ ಮುಂದಿಂದ ಎದ್ದು ಹೋದಳು. ಉಪವಾಸದ ನಂತರದ ದಿನ, ಹೊಟ್ಟೆ ಹಿಡಿದಿರಬೇಕು ಎಂದು ಅವ್ವ ಓಮದ ನೀರು ತಂದಳು.

ಮೊನ್ನೆ ಗುರುವಾರ ಬಂದದ್ದು ಕೊನೆಯದು, ಎಲ್ಲಕ್ಕಿಂತ ಚಿಕ್ಕದು. "ಟೆಸ್ಟ ಮಾಡಾವ್ರ ಯಾದಿಯಾಗಿಂದ ನನ್ನ ಹೆಸರ ತಗೀರಿ ಅಕ್ಕಾರ. ನನ್ನ ಕಿವಿ ಮ್ಯಾಲ ನನಗ ಭರೋಸಾ ಉಳದಿಲ್ಲ." ಇಷ್ಟನ್ನೂ ತಾಳಿಕೊಂಡಿದ್ದವಳಿಗೆ ಇದನ್ನು ತಾಳಲಾಗಲಿಲ್ಲ. ಯಾಕೆ ಇದನ್ನೇ ಎಂದು ಕೇಳಿದರೆ ಹೇಳಲಾರಳು. ಬಹುಶಃ ಈ ಯಾದಿ ಬ್ರಾಹ್ಮಿಯ ಕೈಯಲ್ಲೇ ಇತ್ತು, ಆ ಹೆಸರನ್ನು ಅವಳೇ ಅಳಿಸಬೇಕಿತ್ತು ಎಂಬುದಕ್ಕೆ.

ಮಂಗಸೂಳಿಯಲ್ಲಿ ಇಳಿದು ಕೇಳಿಕೊಂಡು ಹೋದಳು. ಊರ ಹೊರಗಿನ ತೋಟದ ಮನೆ. ಚಾಟಣಿಯಲ್ಲಿ ಟೊಂಗೆ ಸವರಿಸಿಕೊಂಡ ದ್ರಾಕ್ಷಿ ಬಳ್ಳಿಗಳು ತಂತಿಯ ಮೇಲೆ ಬರಿಗೈಯಲ್ಲಿ ನಿಂತಿದ್ದವು, ಅಲ್ಲಲ್ಲಿ ಕತ್ತರಿಸಿದ ತುದಿಯಲ್ಲಿ ನೀರು ಜಿನುಗುತ್ತಿತ್ತು. ಪಡಸಾಲೆಯಲ್ಲಿ ದಾನೇಶ್ವರಿಯ ಮಾವ ರಾವಸಾಹೇಬರು ಕೂತಿದ್ದರು. ಅವಳನ್ನು ಕಂಡು, ಅಂಗವಿಕಲರ ಪಿಂಚಣಿಯ ಕಡೆಯವರೆಂದು ತಿಳಿದು, "ಬರ್ರಿ ಬಾಯಾರ, ಕುಂಡ್ರಿ. ಕಾಗದಾ ಎಲ್ಲಾ ಕೊಟ್ಟೀವಲ್ರಿ" ಎಂದರು. ಅವಳು ಯಾರೆಂದು ಹೇಳಿದಳು. ಒಳಗಿನಿಂದ ಪಾತ್ರೆಯೊಂದು ಕೆಳಗಿಟ್ಟ ಸದ್ದಾಯಿತು. "ಅಕ್ಕಾರೇನು?" ಎಂದು ಆ ದನಿ. ಗೋಡೆಗೆ ಬೆರಳು ತಾಗಿಸಿಕೊಂಡು ಹೊರಬಂದ ಹುಡುಗಿ ಬ್ರಾಹ್ಮಿ ಊಹಿಸಿದ್ದಕ್ಕಿಂತ ಗಿಡ್ಡ, ತೆಳ್ಳಗೆ. ಸೆರಗಿನ ತುದಿಗೆ ಹಿಟ್ಟು ಹತ್ತಿತ್ತು. ಮುಖ ಬ್ರಾಹ್ಮಿಯ ಕಡೆಗಲ್ಲದೆ ಸ್ವಲ್ಪ ಬಲಕ್ಕೆ, ಖಾಲಿ ಕುರ್ಚಿಯ ಕಡೆಗೆ ನಗುತ್ತಿತ್ತು. ಆ ನಗೆಯ ಎದುರಿಗೆ ಸರಿದು ನಿಲ್ಲಲು ಬ್ರಾಹ್ಮಿಗೆ ಧೈರ್ಯ ಬರಲಿಲ್ಲ. ಅತ್ತೆ ಕೆಂಚವ್ವ ಕೂಸನ್ನು ಬಗಲಲ್ಲಿಟ್ಟುಕೊಂಡು ಒಳಬಾಗಿಲಲ್ಲಿ ನಿಂತಳು. ಕೂಸು ಅಜ್ಜಿಯ ಕೊರಳ ಸರ ಜಗ್ಗುತ್ತಿತ್ತು, ಅದರ ತಲೆ ಒಂದು ಬದಿಗೆ ವಾಲುತ್ತಿತ್ತು. ತಾಯಿಯ ಕೈ ಆ ಸರದ ಸದ್ದಿನ ಕಡೆ ಅರ್ಧ ಎದ್ದು, ಏನೋ ನೆನಪಾದಂತೆ ಇಳಿಯಿತು.

"ನಡದಾಡತಿತ್ರಿ," ಎಂದಳು ಕೆಂಚವ್ವ, ಬ್ರಾಹ್ಮಿ ನೋಡುತ್ತಿದ್ದದ್ದನ್ನು ಕಂಡು. "ಈಗ ಮತ್ತ ಅಂಬೆಗಾಲ. ಡಾಕ್ಟರು ಬರತೈತಿ ಅಂತಾರ. ಯಾವಾಗ ಅಂತ ಅವರೂ ಹೇಳಂಗಿಲ್ಲ."

ಹೇಳಬೇಕಾದ ವಾಕ್ಯಗಳನ್ನು ಬಸ್ಸಿನಲ್ಲಿ ಜೋಡಿಸಿಕೊಂಡಿದ್ದಳು. ಒಂದೂ ನೆನಪಾಗಲಿಲ್ಲ. ದಾನೇಶ್ವರಿಯನ್ನು ಪಕ್ಕಕ್ಕೆ ಕರೆದು ಮೊದಲು ಅವಳಿಗೆ ಹೇಳಬೇಕೆಂದುಕೊಂಡದ್ದೂ ಎಲ್ಲೋ ಹೋಯಿತು. ಸಂಗ್ರಾಮ ಆಗಷ್ಟೇ ತೋಟದಿಂದ ಬಂದು ಕಟ್ಟೆಯ ಮೇಲೆ ಕೈ ತೊಳೆಯುತ್ತಿದ್ದ. ಎಲ್ಲರೂ ಇದ್ದಾರೆ, ಒಂದೇ ಸಲ ಮುಗಿದುಹೋಗಲಿ ಎಂಬ ಅವಸರದಲ್ಲಿ, ಹಲ್ಲು ಕೀಳಿಸಿಕೊಳ್ಳಲು ಬಾಯಿ ತೆರೆದವಳ ಹಾಗೆ, "ಆಕಿ ಸರಿಯಾಗೇ ಕೇಳ್ಯಾಳ್ರಿ," ಎಂದಳು. "ಅವತ್ತ ಫೋನು ಹದಿನೈದು ಅಂತನ ಓದಿತ್ತು. ತಪ್ಪು ನಂದು. ಅದನ್ನ ಓದಸೂ ಕೋಡು ಬರದಾಕಿ ನಾನ. ಆಮ್ಯಾಲ ಯಾರಿಗೂ ಹೇಳದಂಗ ಸರಿ ಮಾಡೀನಿ. ಅದಕ್ಕ ದವಾಖಾನಿಯಾಗ ನೀವು ಹಚ್ಚಿದಾಗ ಅದು ಸರಿ ಓದಿತ್ರಿ."

ರಾವಸಾಹೇಬರು ಕನ್ನಡಕ ತೆಗೆದು ಧೋತರದ ಅಂಚಿಗೆ ಒರೆಸಿದರು.

"ನೀವು ಕಂಪನಿಯವರೇನ್ರಿ?"

"ಇಲ್ರಿ. ಕಂಪನಿ ಅಂತ ಇಲ್ಲ. ಎಲ್ಲಾರೂ ಕೂಡಿ ಮಾಡೂದು."

"ಮತ್ತ ಪಗಾರ?"

"ಪಗಾರ ಇಲ್ರಿ."

"ಪಗಾರ ಇಲ್ಲ, ಮಾಲಕ ಇಲ್ಲ," ಎಂದು ರಾವಸಾಹೇಬರು ನಿಧಾನವಾಗಿ, ನಿಜವಾಗಿಯೂ ತಿಳಿದುಕೊಳ್ಳಬೇಕೆಂಬಂತೆ ಕೇಳಿದರು. "ಹಂಗಾರ ನಿಮ್ಮನ್ನ ಕೇಳಾವ್ರು ಯಾರ್ರಿ ಬಾಯಾರ?"

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಬೈದಿದ್ದರೆ ಬ್ರಾಹ್ಮಿಗೆ ತಲೆ ತಗ್ಗಿಸಲು ಒಂದು ಜಾಗ ಸಿಗುತ್ತಿತ್ತು. ಅವಳು, ಎಲ್ಲ ತೆರೆದಿಟ್ಟದ್ದು, ಯಾರು ಬೇಕಾದರೂ ನೋಡಬಹುದು, ಕೇಳಬಹುದು ಎಂದು ಹೇಳಲು ಹೊರಟು, ಈ ಪಡಸಾಲೆಯಲ್ಲಿ ಅದನ್ನು ನೋಡಬಲ್ಲವರು ಯಾರಿದ್ದಾರೆಂದು ಹೊಳೆದು ಬಾಯಿ ಮುಚ್ಚಿದಳು.

ಸಂಗ್ರಾಮ ಒದ್ದೆ ಕೈಯಲ್ಲೇ ಬಂದು ನಿಂತಿದ್ದ. ಮೊಣಕೈವರೆಗೆ ನೀಲಿ ಔಷಧಿಯ ಕಲೆ. "ಅವತ್ತ ನಾ ಆಕಿ ಮ್ಯಾಲ ಕೈ ಮಾಡೀನಿ," ಎಂದ. "ದವಾಖಾನಿ ಮುಂದ. ಮಂದಿ ನೋಡಾಕತ್ತಿದ್ರು. ಸುಳ್ಳ ಹೇಳತಿ ಅಂತ ಹೊಡದೆ. ಆಕಿ ಸುಳ್ಳ ಹೇಳಿದ್ದಿಲ್ಲ ಅಂತ ನೀವು ಈಗ ಹೇಳಾಕ ಬಂದೀರಿ." ಇನ್ನೇನೋ ಹೇಳಲಿದ್ದ. ಹೆಂಡತಿಯ ಕಡೆ ನೋಡಿದ, ನೋಡಲಾಗದೆ ತೋಟದ ಕಡೆ ನಡೆದುಬಿಟ್ಟ. ಆ ಹೆಜ್ಜೆ ದೂರವಾಗುವವರೆಗೂ ದಾನೇಶ್ವರಿಯ ಮುಖ ಆ ಕಡೆಗೇ ತಿರುಗಿತ್ತು.

ಕೆಂಚವ್ವ ಕೂಸನ್ನು ಇನ್ನೊಂದು ಬಗಲಿಗೆ ಬದಲಾಯಿಸಿದಳು. "ನೋಡ ತಂಗಿ, ನಾ ಶಾಣ್ಯಾಕಿ ಅಲ್ಲ," ಎಂದಳು. "ಒಂಬತ್ತ ದಿನಾ ಆ ಗಾಜಿನ ಹೊರಗ ನಿಂತೀನಿ. ಒಂದ ಮಾತ ಹೇಳ. ಮತ್ತೊಮ್ಮೆ ಅದು ಹಂಗ ಓದಂಗಿಲ್ಲಂತ ನೀ ಆಣಿ ಮಾಡತಿಯೇನ?"

ಬ್ರಾಹ್ಮಿ ಹ್ಞೂಂ ಎನ್ನಬಹುದಿತ್ತು. ಇಲ್ಲಿಗೆ ಬಂದದ್ದೇ ಸುಳ್ಳು ನಿಲ್ಲಿಸಲು ಎಂಬ ಹುಂಬತನದಲ್ಲಿ, "ಆಣಿ ಮಾಡಾಕ ಬರೂದಿಲ್ರಿ," ಎಂದಳು. "ಬರಿಯಾವ್ರು ಮನುಷ್ಯಾರ. ನಾವು ಪರೀಕ್ಷಾ ಮಾಡತೀವಿ, ಆದ್ರೂ..."

"ಆದ್ರೂ," ಎಂದಳು ಕೆಂಚವ್ವ. ಮುಂದೆ ಬಂದು, ಸೊಸೆಯ ಸೊಂಟಕ್ಕೆ ಸಿಕ್ಕಿಸಿದ್ದ ಫೋನನ್ನು, ಕೂಸಿನ ಕೈಯಿಂದ ಚಾಕು ತೆಗೆದುಕೊಳ್ಳುವಷ್ಟು ಮೆಲ್ಲಗೆ ಎಳೆದುಕೊಂಡಳು. ಬೆರಳು ತಾಗಿ ಫೋನು ಎಚ್ಚರಗೊಂಡು ಸಮಯ ಹೇಳಿತು. ಆ ಸ್ಪಷ್ಟವಾದ ದನಿ. ಕೆಂಚವ್ವ ಬೆಚ್ಚಿ, ಅದನ್ನು ಪಡಸಾಲೆಯ ಮೇಲ್ಗಡೆಯ ಹಲಗೆಯ ಮೇಲೆ, ಹಳೆಯ ದೇವರ ಪಟಗಳ ಪಕ್ಕಕ್ಕೆ ಎಸೆದಂತೆ ಇಟ್ಟಳು. "ಇಷ್ಟ ದಿನಾ ಇಕಿ ಕಿವಿ ಖೊಟ್ಟಿ ಅಂದಕೊಂಡಿದ್ವಿ. ಈಗ ಫೋನೂ ಖೊಟ್ಟಿ ಅಂತ ಗೊತ್ತಾತು. ಫೋನಿನ ಮ್ಯಾಲ ಕೂಸಿನ ಜೀವಾ ಬಿಡಾಕ ನನಗ ಆಗಂಗಿಲ್ಲ. ಆಕಿ ತಪ್ಪಿಲ್ಲ, ಆತು. ತಪ್ಪಿಲ್ಲಂದ ಕೂಡಲೇ ಆಕಿಗೆ ಕಣ್ಣ ಬಂದ್ವೇನ?"

"ಅತ್ತೀ," ಎಂದಳು ದಾನೇಶ್ವರಿ. ಒಂದೇ ಮಾತು. ಕೆಂಚವ್ವ ಒಳಗೆ ಹೋದಳು. ರಾವಸಾಹೇಬರು, "ಚಾ ಕುಡದ ಹೋಗ್ರಿ ಬಾಯಾರ, ಬಿಸಲಾಗ ಬಂದೀರಿ" ಎಂದರು. ಚಹಾ ಬಂತು. ಅದನ್ನು ತಂದುಕೊಟ್ಟವಳು ದಾನೇಶ್ವರಿಯೇ, ತಟ್ಟೆ ಒಂದಿಷ್ಟೂ ಅಲ್ಲಾಡದಂತೆ. ಬ್ರಾಹ್ಮಿ ಕುಡಿದಳು. ಕುಡಿಯದೇ ಇರುವುದು ಹೇಗೆಂದು ಅವಳಿಗೆ ತಿಳಿಯಲಿಲ್ಲ.

ಗೇಟಿನವರೆಗೆ ದಾನೇಶ್ವರಿ ಬಂದಳು, ಕಾಂಪೌಂಡಿನ ಕಲ್ಲುಗಳನ್ನು ಒಂದೊಂದಾಗಿ ಮುಟ್ಟುತ್ತ. ಅಳುತ್ತಿರಲಿಲ್ಲ. ಬ್ರಾಹ್ಮಿ ಕ್ಷಮಿಸು ಎನ್ನಲು ಬಾಯಿ ತೆರೆದಳು. ಹೂವಿನ ಚಿತ್ರದ ಆ ಸಂದೇಶ ನಡುವೆ ಬಂದು ನಿಂತಿತು.

"ನಾ ಸರಿ ಕೇಳಿದ್ನಲ್ರಿ," ಎಂದಳು ದಾನೇಶ್ವರಿ. ಕೇಳಿದ್ದೋ, ತನಗೆ ತಾನೇ ಹೇಳಿಕೊಂಡದ್ದೋ.

"ಸರಿ ಕೇಳಿದ್ದಿ."

"ಎರಡೂವರಿ ತಿಂಗಳಾತ್ರಿ. ಕುಕ್ಕರಿನ ಸೀಟಿ ಎಣಸಾಕೂ ಅಂಜಿಕಿ ಬರತಿತ್ತು. ಮಗ್ಗಲದಾಗ ಕೂಸ ಅತ್ತರ, ಇದು ಖರೇನ ಅಳಾಕತ್ತೈತೋ, ನನಗ ಹಂಗ ಕೇಳಸಾಕತ್ತೈತೋ ಅಂತ ಕುಂತಬಿಡತಿದ್ದೆ." ಕೊನೆಯ ಕಲ್ಲಿನ ಮೇಲೆ ಕೈಯೂರಿ ಮುಂದುವರಿಸಿದಳು, "ನೀವು ನನಗೊಬ್ಬಾಕಿಗೆ ಮೊದಲ ಹೇಳಬೇಕಾಗಿತ್ರಿ ಅಕ್ಕಾರ. ಫೋನಿನ್ಯಾಗ ಹೇಳಿದ್ರೂ ಆಗತಿತ್ತು. ಇವರಿಗೆ ಹೇಳೂದೋ ಬ್ಯಾಡೋ, ಹೆಂಗ ಹೇಳೂದು, ನಾ ವಿಚಾರ ಮಾಡತಿದ್ದೆ. ನನ್ನ ಮನಿ ಅಲ್ರಿ ಇದು? ಫೋನ ಕಸಗೋತಾರಂತ ನನಗ ಗೊತ್ತಿತ್ತು. ನಿಮಗ ಗೊತ್ತಿದ್ದಿಲ್ಲ."

ನಾನು ಬಂದದ್ದು ನಿನಗಾಗಿ ಎಂದು ಬ್ರಾಹ್ಮಿ ಹೇಳಿದರೆ ಆ ಸುಳ್ಳು ಕೂಡಲೇ ಸಿಕ್ಕಿಬೀಳುತ್ತಿತ್ತು, ಈ ಕಿವಿಯ ಎದುರಿಗೆ. ದೂರದಲ್ಲಿ ಬಳ್ಳಿಗಳ ನಡುವೆ ಸಂಗ್ರಾಮ ಬೆನ್ನು ಮಾಡಿ ನಿಂತಿದ್ದ.

"ಹೋಗ್ರಿ," ಎಂದಳು ದಾನೇಶ್ವರಿ. "ಬಸ್ ತಪ್ಪತೈತಿ."

ಸೋಮವಾರ ಎರಡು ಪಾಠಗಳ ನಡುವಿನ ಬಿಡುವಿನಲ್ಲಿ ಬ್ರಾಹ್ಮಿ ಸ್ಟಾಫ್ ರೂಮಿನ ಮೂಲೆಯ ಮೇಜಿನಲ್ಲಿ ಕೂತು, ಓದುದನಿಯ ಎಲ್ಲರೂ ನೋಡುವ ಪುಟದಲ್ಲಿ ನಡೆದದ್ದನ್ನು ನಡೆದಂತೆ ಬರೆದಳು. ಬಿಟ್ಟುಬಿಟ್ಟ ಪರೀಕ್ಷೆ, ಹದಿನೈದು ಮಿಲಿ, ಸರಳೀಕರಣ ಎಂದು ಬರೆದ ಸುಳ್ಳು, ಒಂದನ್ನೂ ಬಿಡಲಿಲ್ಲ. ದಾನ ಮಾಡುವವರ ಹೆಸರನ್ನು ಕಲ್ಲಿನ ಮೇಲೆ ಕೆತ್ತಿದ ಹಾಗೆ ತನ್ನ ಹೆಸರನ್ನು ಪೂರ್ತಿ ಬರೆದಳು. ಕನ್ನಡದ ಭಾಗವನ್ನು ಇನ್ನು ಬೇರೆ ಯಾರಾದರೂ ನೋಡಿಕೊಳ್ಳಲಿ ಎಂದು ಕೊನೆಗೆ ಸೇರಿಸಿದಳು. ಕಳಿಸಿದ ಮೇಲೆ ಯಾರಾದರೂ ಥೂ ಎಂದು ಉಗಿಯಲಿ ಎಂದು ಕಾದಳು.

ಅರ್ಧ ಗಂಟೆಯಲ್ಲಿ ಅದರ ಕೆಳಗೆ ಹದಿನಾಲ್ಕು ಹೃದಯದ ಗುರುತುಗಳು ಬಂದವು. ಬ್ರೆಜಿಲಿನವನೊಬ್ಬ ಇಂಥ ಪ್ರಾಮಾಣಿಕತೆಯನ್ನು ತಾನು ನೋಡಿಯೇ ಇಲ್ಲ ಎಂದ. ಇನ್ನೊಬ್ಬಳು ಇದನ್ನು ಹೊಸಬರೆಲ್ಲ ಓದಬೇಕು, ಪಾಠವಾಗಿ ಇಡಬೇಕು ಎಂದಳು. ಬಿಟ್ಟು ಹೋಗಬೇಡ, ನಿನ್ನಂಥವರೇ ನಮಗೆ ಬೇಕು ಎಂದು ಮೂವರು ಬರೆದರು. ಹಿರಿಯ ಎಲ್ಲರಿಗಿಂತ ತಡವಾಗಿ, ಎಲ್ಲರಿಗಿಂತ ಚಿಕ್ಕದಾಗಿ ಬರೆದ: ತಪ್ಪಿನಲ್ಲಿ ನನ್ನದೂ ಪಾಲಿದೆ, ನಾನು ನೋಡದೆ ಒಪ್ಪಿದೆ. ಆ ತಾಯಿ ಈಗ ಹೇಗಿದ್ದಾಳೆ?

ಬ್ರಾಹ್ಮಿ ಆ ಪ್ರಶ್ನೆಯನ್ನು ಬಹಳ ಹೊತ್ತು ನೋಡಿದಳು. ಅವಳಿಗೆ ಗೊತ್ತಿರಲಿಲ್ಲ. ಕೇಳಿ ಹೇಳಬಹುದು ಎಂಬ ಸರಳವಾದ ಯೋಚನೆಯಲ್ಲಿ, ವರಾಂಡಕ್ಕೆ ಬಂದು ದಾನೇಶ್ವರಿಯ ನಂಬರನ್ನು ಒತ್ತಿದಳು. ರಿಂಗಾಯಿತು. ಯಾರೂ ಎತ್ತಲಿಲ್ಲ. ಕೆಂಚವ್ವನಾದರೂ ಎತ್ತಲಿ, ಬೈಯಲಿ ಎಂದು ಇನ್ನೊಮ್ಮೆ ಒತ್ತಿದಳು. ಆ ಕಡೆ ಮತ್ತೆ ರಿಂಗಾಗತೊಡಗಿದಾಗ, ಅಲ್ಲಿ ಬರೀ ರಿಂಗಾಗುತ್ತಿಲ್ಲ ಎಂಬುದು ಅವಳಿಗೆ ತಟ್ಟಿತು. ಕರೆ ಬಂದಾಗಲೆಲ್ಲ ಫೋನು ಕರೆದವರ ಹೆಸರನ್ನು ಗಟ್ಟಿಯಾಗಿ ಹೇಳುತ್ತದೆ, ಎತ್ತುವವರೆಗೂ ಹೇಳುತ್ತಲೇ ಇರುತ್ತದೆ. ಆ ತೋಟದ ಮನೆಯ ಪಡಸಾಲೆಯಲ್ಲಿ, ಮೇಲಿನ ಹಲಗೆಯಿಂದ, ಈಗ ಆ ದನಿ 'ಬ್ರಾಹ್ಮಿ ಅಕ್ಕಾರು ಕರೆಯುತ್ತಿದ್ದಾರೆ, ಬ್ರಾಹ್ಮಿ ಅಕ್ಕಾರು ಕರೆಯುತ್ತಿದ್ದಾರೆ' ಎಂದು ಕೂಗುತ್ತಿದೆ. ಅತ್ತೆ ಕೇಳುತ್ತಿದ್ದಾಳೆ. ಅಂಬೆಗಾಲಿಡುವ ಕೂಸು ತಲೆ ಎತ್ತಿ ನೋಡುತ್ತಿರಬೇಕು. ದಾನೇಶ್ವರಿ ಎಲ್ಲಿದ್ದಾಳೋ, ಅಡಿಗೆಮನೆಯಲ್ಲೋ ಬಾಗಿಲಲ್ಲೋ, ಕೈಯೆತ್ತಿದರೆ ಸಿಗಬಹುದಾದ ಎತ್ತರದ ಕೆಳಗೆ, ಕೈಯೆತ್ತದೆ ನಿಂತಿದ್ದಾಳೆ. ಈ ಸಲ ತಪ್ಪು ಕೇಳಿದೆನೇನೋ ಎಂಬ ಅನುಮಾನ ಅವಳಿಗೆ ಇಲ್ಲ.

ಬ್ರಾಹ್ಮಿ ಕರೆಯನ್ನು ಕಟ್ ಮಾಡಿದಳು. ಮತ್ತೆ ಮಾಡಲಿಲ್ಲ.